ಪೀಜೀವಾಸಿನೀ ವೇಗಮೀಮಾಂಸೆ

ಪೀಠಿಕೆ

ಗ್ರಂಥಾರಂಭದಲ್ಲಿ ಇಷ್ಟದೇವತೆಯನ್ನು ಸ್ಮರಿಸಬೇಕೆಂಬ ಶಿಷ್ಟಾಚಾರವನ್ನು ಮೀರುವ ಧೈರ್ಯ ನಮಗಿಲ್ಲವಾದುದರಿಂದ, ಲೋಕವೆಲ್ಲ ಅಶುಭವೆಂದು ಕೈಕಟ್ಟಿ ಕೂರುವ ರಾಹುಕಾಲದಲ್ಲಿಯೇ ಪೂಜೆಗೊಂಡು, ನಿಂಬೆಹಣ್ಣಿನ ಸಿಪ್ಪೆಯಲ್ಲಿ ಹಚ್ಚಿದ ದೀಪವನ್ನೂ ಪ್ರಸನ್ನಳಾಗಿ ಸ್ವೀಕರಿಸುವ ಶ್ರೀ ಬನಶಂಕರಿಯನ್ನು ಮೊದಲು ವಂದಿಸುತ್ತೇವೆ. ಬೆಂಗಳೂರಿನ ಬನಶಂಕರಿ ಬಡಾವಣೆಯಲ್ಲಿರುವ, 1915ರಲ್ಲಿ ನಿರ್ಮಿತವಾದ ದೇಗುಲದ ಈ ಅಧಿದೇವತೆಗೆ ಹೊತ್ತುಗೊತ್ತಿನ ವಿಷಯದಲ್ಲಿ ಇಷ್ಟು ಔದಾರ್ಯವಿರುವಾಗ, ಅದೇ ಬಡಾವಣೆಯಲ್ಲಿ ರಾತ್ರಿ ಒಂಬತ್ತೂವರೆಗೆ ಗೇಟಿಗೆ ಬೀಗ ಜಡಿಯುವ ಪೀಜಿಗಳ ಅಧಿದೇವತೆಯರಿಗೆ ಅದರಲ್ಲಿ ಲೇಶವಾದರೂ ಏಕೆ ಬರಲಿಲ್ಲವೆಂಬ ಸಂದೇಹವನ್ನು ದೇವಿಯ ಪಾದದಲ್ಲಿಯೇ ಇಟ್ಟು ಮುಂದುವರಿಯುತ್ತೇವೆ.

ಅನುಬಂಧಚತುಷ್ಟಯವನ್ನು ಹೇಳದೆ ಶಾಸ್ತ್ರಕ್ಕೆ ತೊಡಗುವುದು ಅಡ್ವಾನ್ಸ್ ಕೊಡದೆ ಕೊಠಡಿ ಕೇಳಿದಂತೆ ಅಸಾಧು. ವಿಷಯವು ವೇಗಧಾರಣ, ಎಂದರೆ ದೇಹದ ಸಹಜವಾದ ಒತ್ತಡಗಳನ್ನು ತಡೆಹಿಡಿಯುವುದು. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ, ದೇಹಕ್ಕೆ ಬಂದಾಗ ತಡೆಯಲೇಬಾರದ ಹದಿಮೂರು ವೇಗಗಳು ಎಣಿಸಲ್ಪಟ್ಟಿವೆ. ಅವುಗಳಲ್ಲೊಂದು ಪುರುಷಮಾತ್ರಸಂಬಂಧಿಯಾದುದರಿಂದ ವಿದ್ಯಾರ್ಥಿನಿಯರ ಪಾಲಿಗೆ ಹನ್ನೆರಡು ಉಳಿಯುತ್ತವೆ. ಆ ಹನ್ನೆರಡನ್ನೂ ಒಂದೇ ಹಗಲಿನಲ್ಲಿ, ಮೊದಲನೆಯ ಪೀರಿಯಡ್ಡಿಗೂ ಲ್ಯಾಬ್ ಮುಗಿಯುವುದಕ್ಕೂ ನಡುವೆ, ತಡೆದು ತೋರಿಸುವ ಸಾಮರ್ಥ್ಯವನ್ನು ದಕ್ಷಿಣ ಬೆಂಗಳೂರಿನ ಕನ್ಯೆಯರು ಹೇಗೆ ಸಂಪಾದಿಸಿದರೆಂಬುದೇ ನಮ್ಮ ಜಿಜ್ಞಾಸೆ. ಅಧಿಕಾರಿಣಿ ಯಾರೆಂದರೆ, ಹಾಸನ, ಶಿರಸಿ, ಕಲಬುರಗಿ, ಕಾಸರಗೋಡು ಮೊದಲಾದ ದಿಕ್ಕುಗಳಿಂದ ಒಂದು ಸೂಟ್‌ಕೇಸು, ಒಂದು ಬಕೆಟ್ಟು, ಚಟ್ನಿಪುಡಿಯ ಎರಡು ಡಬ್ಬಿಗಳೊಡನೆ ಬಂದಿಳಿದು, ಥ್ರೀ ಶೇರಿಂಗ್ ಕೊಠಡಿಯಲ್ಲಿ ಕಿಟಕಿಗೆ ದೂರವಾದ ಮಂಚವನ್ನು ಪಡೆದವಳು. ಸ್ವಂತ ಮನೆಯಿಂದ ಕಾಲೇಜಿಗೆ ಹೋಗಿಬರುವವಳಿಗೆ ಅರ್ಧಾಧಿಕಾರ ಮಾತ್ರ. ಏಕೆಂದರೆ ಅವಳಿಗೆ ಬಾಗಿಲು ಹಾಕಿಕೊಳ್ಳಲು ಕೊಠಡಿಯಿದ್ದರೂ, ಏತಕ್ಕೆ ಹಾಕಿಕೊಂಡೆಯೆಂದು ಕೇಳುವ ಜನವೂ ಮನೆ ತುಂಬ ಇರುತ್ತದೆ. ಪ್ರಯೋಜನವು ಆರೋಗ್ಯ. ಸಂಬಂಧವು ಪ್ರತಿಪಾದ್ಯಪ್ರತಿಪಾದಕಭಾವ, ಇದರ ಅರ್ಥವನ್ನು ಇದುವರೆಗೆ ಯಾವ ಶಿಷ್ಯನೂ ಕೇಳಿಲ್ಲವಾದುದರಿಂದ ನಾವೂ ವಿವರಿಸುವುದಿಲ್ಲ.

ದೇಶಪ್ರಕರಣ

1948ರಲ್ಲಿ ಯೋಜಿತ ಬಡಾವಣೆಯಾಗಿ ಮೊದಲಾದ ಜಯನಗರವು ಬ್ಲಾಕುಗಳಾಗಿಯೂ, ಜೆ.ಪಿ. ನಗರವು ಫೇಸುಗಳಾಗಿಯೂ, ಬನಶಂಕರಿಯು ಸ್ಟೇಜುಗಳಾಗಿಯೂ ವಿಭಕ್ತವಾಗಿವೆ. ಭೈರಸಂದ್ರ, ತಾವರೆಕೆರೆ, ಮಡಿವಾಳಗಳ ಸಂಧಿಯಿಂದ ಜನಿಸಿದ ಬಿಟಿಎಂ ಬಡಾವಣೆಯು ಪೀಜಿಗಳಾಗಿ ವಿಭಕ್ತವಾಗಿದೆ. ಜಯನಗರ ಮೂರನೆಯ ಬ್ಲಾಕಿನ ಎನ್‌ಎಂಕೆಆರ್‌ವಿ, ಬಸವನಗುಡಿಯ ಬಿಎಂಎಸ್ ಮಹಿಳಾ ಕಾಲೇಜು, ಹೊರವರ್ತುಲ ರಸ್ತೆಯ ಪಿಇಎಸ್, ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ ಮುಂತಾದ ವಿದ್ಯಾಸ್ಥಾನಗಳು ಈ ಭೂಭಾಗಕ್ಕೆ ವರ್ಷಂಪ್ರತಿ ಕನ್ಯಾಪ್ರವಾಹವನ್ನು ಆಕರ್ಷಿಸುತ್ತವೆ. ಪೀಜಿಯ ಲಕ್ಷಣವಾದರೋ: ಮೂರು ಮಂಚ, ಎರಡು ಪ್ಲಗ್ ಪಾಯಿಂಟು, ಒಂದು ಸ್ನಾನದ ಮನೆ, ಶೂನ್ಯ ಏಕಾಂತ. ಈ ಅವರೋಹಣಕ್ರಮದ ಗಣಿತಸೌಂದರ್ಯವನ್ನು ಸಹಿಸಲಾರದ ಕೆಲವರು ಮಂಚದ ಮೇಲಿನ ಮೊಳೆಯಿಂದ ಕಪಾಟಿನ ಹಿಡಿಗೆ ದಾರ ಬಿಗಿದು, ಅದರ ಮೇಲೆ ಹಳೆಯ ದುಪಟ್ಟಾವೊಂದನ್ನು ಬಟ್ಟೆಯ ಕ್ಲಿಪ್ಪುಗಳಿಂದ ತೂಗುಬಿಟ್ಟು, ಆರಡಿ ಉದ್ದ ಮೂರಡಿ ಅಗಲದ ಸಾಮ್ರಾಜ್ಯವೊಂದನ್ನು ಸ್ಥಾಪಿಸಿಕೊಂಡಿದ್ದಾರೆ. ಫ್ಯಾನಿನ ಗಾಳಿಗೆ ಅದರ ಗಡಿ ಆಗಾಗ ಹಾರುತ್ತದೆ.

ತೃಷ್ಣಾಪ್ರಕರಣ

ಚರಕಾಚಾರ್ಯನ ಪಟ್ಟಿಯಲ್ಲಿ ಪ್ರಥಮಸ್ಥಾನವು ಮೂತ್ರವೇಗಕ್ಕೆ. ವಿದ್ಯಾರ್ಥಿನಿಯು ಈ ವಿಧಿಯನ್ನು ನೇರವಾಗಿ ಉಲ್ಲಂಘಿಸುವ ಒರಟಳಲ್ಲ. ಕಾಲೇಜಿನ ಮೂರನೆಯ ಮಹಡಿಯ ಶೌಚಾಲಯದ ಚಿಲಕ ಮುರಿದಿರುವುದನ್ನೂ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸು ಧ್ಯಾನಸ್ಥವಾಗಿ ನಿಲ್ಲುವ ಅವಧಿಯನ್ನೂ ಪ್ರಾತಃಕಾಲದಲ್ಲಿಯೇ ಗಣಿಸಿ, ವೇಗವು ಹುಟ್ಟದಂತೆ ನೀರನ್ನೇ ವರ್ಜಿಸುತ್ತಾಳೆ. ಅವಳ ಚೀಲದ ಪಕ್ಕದ ಜೇಬಿನಲ್ಲಿ ಗಂಟೆಗಂಟೆಗೂ ಗೆರೆ ಕೊರೆದ, ಇಷ್ಟು ಹೊತ್ತಿಗೆ ಇಷ್ಟು ಕುಡಿ ಎಂದು ಹುರಿದುಂಬಿಸುವ ಬಾಟಲಿಯೊಂದಿರುತ್ತದೆ. ಬೆಳಗಿನ ಎಂಟರ ಗೆರೆಯಲ್ಲಿದ್ದ ನೀರು ಸಂಜೆಯ ಆರಕ್ಕೂ ಅದೇ ಗೆರೆಯಲ್ಲಿ ನಿಶ್ಚಲವಾಗಿರುತ್ತದೆ. ಆದರೆ ತೃಷ್ಣೆಯೂ ಅದೇ ಪಟ್ಟಿಯ ಸದಸ್ಯೆಯಾದುದರಿಂದ, ಒಂದು ನಿಷೇಧವನ್ನು ಪಾಲಿಸಲು ಮತ್ತೊಂದನ್ನು ಮುರಿದಂತಾಯಿತು. ಸಂಜೆಯ ತಲೆನೋವು ಇದಕ್ಕೆ ಪ್ರತ್ಯಕ್ಷಪ್ರಮಾಣ. ಹೆಚ್ಚು ನೀರು ಕುಡಿಯಿರೆಂದು ಉಪದೇಶಿಸುವ ಪ್ರಾಜ್ಞರು ಬಾಟಲಿಯನ್ನೇ ನೋಡುತ್ತಾರೆ, ಚಿಲಕವನ್ನು ನೋಡುವುದಿಲ್ಲ. ಆದುದರಿಂದ ನಮ್ಮ ಪ್ರಥಮಸೂತ್ರ: ಸ್ವಯಂಪೋಷಣೆಯು ಬಡಗಿಯಿಂದ ಪ್ರಾರಂಭವಾಗುತ್ತದೆ.

ಕ್ಷುತ್ಪ್ರಕರಣ

ಹಸಿವನ್ನು ತಡೆದವರಿಗೆ ಕೃಶತೆ, ದೌರ್ಬಲ್ಯ, ಮುಖದ ಬಣ್ಣಗೇಡು, ಮೈನೋವು, ಅರುಚಿ, ತಲೆಸುತ್ತು ಪ್ರಾಪ್ತವಾಗುವುವೆಂದೂ, ಸ್ನಿಗ್ಧವೂ ಉಷ್ಣವೂ ಲಘುವೂ ಆದ ಭೋಜನವೇ ಅದಕ್ಕೆ ಮದ್ದೆಂದೂ ಚರಕಮತ. ಪೀಜಿಯ ಪಾಕಶಾಲೆಯ ಮತ ಬೇರೆ. ಅಲ್ಲಿ ಸೋಮವಾರ ಚಿತ್ರಾನ್ನವೆಂದೂ, ಬುಧವಾರ ಟೊಮೇಟೊ ಬಾತೆಂದೂ, ಶುಕ್ರವಾರ ಪಲಾವೆಂದೂ ವ್ಯವಹರಿಸಲ್ಪಡುವ ಪದಾರ್ಥವು ನಾಮದಿಂದ ಮಾತ್ರ ಭಿನ್ನವಾಗಿದ್ದು ಪರಮಾರ್ಥದಲ್ಲಿ ಒಂದೇ ಎಂಬ ಅದ್ವೈತಸಿದ್ಧಾಂತವನ್ನು ಅಡುಗೆಭಟ್ಟರು ವಾದವಿಲ್ಲದೆ ಸ್ಥಾಪಿಸಿದ್ದಾರೆ. ಎಂಟೂವರೆಯ ಕ್ಲಾಸಿಗೆ ಓಡುವ ಭರದಲ್ಲಿ ಆ ಪರಮಾರ್ಥವೂ ತಪ್ಪಿಹೋದಾಗ, ಇಂಟರ್ಮಿಟೆಂಟ್ ಫಾಸ್ಟಿಂಗ್ ಎಂಬ ವ್ರತದ ಹೆಸರಿಟ್ಟು ಹಸಿವಿಗೆ ಮರ್ಯಾದೆ ತಂದುಕೊಡುವುದು ಇತ್ತೀಚಿನ ಸಂಪ್ರದಾಯ. ರಾತ್ರಿ ತಾಯಿಯು ದೂರವಾಣಿಯಲ್ಲಿ, ‘ಊಟ ಆಯ್ತಾ?’ ಎಂದು ಕೇಳುವಳು. ಮಗಳು, ‘ಆಯ್ತು ಅಮ್ಮ’ ಎನ್ನುವಳು. ಇದು ಅನೃತವೇ ಎಂಬ ಪೂರ್ವಪಕ್ಷಕ್ಕೆ, ಯಾವ ದಿನದ ಊಟವೆಂದು ತಾಯಿ ನಿರ್ದೇಶಿಸಿಲ್ಲವಾದುದರಿಂದ ಅನೃತವಲ್ಲವೆಂದು ಸಮಾಧಾನ.

ಪರಿಹಾರವು ದೂರದಲ್ಲಿಲ್ಲ. 1980ರ ದಶಕದಲ್ಲಿ ಜಯನಗರದಲ್ಲಿ ತಲೆಯೆತ್ತಿ ಊರೆಲ್ಲ ವ್ಯಾಪಿಸಿದ ದರ್ಶಿನಿಯೆಂಬ ಸಂಸ್ಥೆಯ ಮಹಿಮೆಯನ್ನು ಶಾಸ್ತ್ರಕಾರರು ಸಾಕಷ್ಟು ಕೊಂಡಾಡಿಲ್ಲ. ಹಬೆಯಾಡುವ ಇಡ್ಲಿಯು ಉಷ್ಣ ಮತ್ತು ಲಘು, ಅದರ ನೆತ್ತಿಯ ಮೇಲೆ ಬೇಡಿ ಹಾಕಿಸಿಕೊಂಡ ಚಮಚ ತುಪ್ಪವು ಸ್ನಿಗ್ಧ; ಲಕ್ಷಣತ್ರಯವೂ ಒಂದೇ ತಟ್ಟೆಯಲ್ಲಿ ಸಮನ್ವಯಗೊಳ್ಳುತ್ತದೆ. ಅದಕ್ಕಿಂತ ಮಿಗಿಲಾದ ಗುಣವೊಂದುಂಟು: ಕುರ್ಚಿಯಿರುವ ಹೋಟೆಲಿನಲ್ಲಿ ಒಂಟಿಯಾಗಿ ಕುಳಿತ ಹುಡುಗಿಯನ್ನು ಎದುರಿನ ಮೂರು ಖಾಲಿ ಕುರ್ಚಿಗಳೂ, ಅವುಗಳೊಡನೆ ಸುತ್ತಲಿನ ಮೇಜುಗಳೂ ವಿಚಾರಿಸಿಕೊಳ್ಳುತ್ತವೆ, ದರ್ಶಿನಿಯಲ್ಲಾದರೋ ಎಲ್ಲರೂ ಒಂಟಿಕಾಲಿನ ಮೇಜಿಗೆ ನಿಂತವರೇ, ಯಾರಿಗೂ ಯಾರನ್ನೂ ವಿಚಾರಿಸಲು ಕೈ ಬಿಡುವಿಲ್ಲ.

ನಿದ್ರಾಪ್ರಕರಣ

ನಿದ್ರೆಯನ್ನು ತಡೆದರೆ ಆಕಳಿಕೆ, ಮೈನೋವು, ಜಡತೆ, ಶಿರೋರೋಗ, ಕಣ್ಣುಭಾರ. ಚಿಕಿತ್ಸೆ ನಿದ್ರೆ ಮತ್ತು ಮೈಯೊತ್ತುವಿಕೆ. ತ್ರಿಮಂಚಶಾಲೆಯಲ್ಲಿ ನಿದ್ರೆಗೆ ವಿಘ್ನಗಳೂ ತ್ರಿವಿಧ: ರಾತ್ರಿ ಎರಡರವರೆಗೆ ಟ್ಯೂಬ್‌ಲೈಟ್ ಬೆಳಗಿಸಿ ಅಸೈನ್‌ಮೆಂಟ್ ಬರೆಯುವವಳು ತೈಜಸವಿಘ್ನ, ಹೊದಿಕೆಯೊಳಗಿಂದ ಫೋನಿಗೆ ಪಿಸುಗುಟ್ಟುತ್ತ, ಜಗಳದ ಘಟ್ಟದಲ್ಲಿ ಪಿಸುಮಾತಿನಲ್ಲಿಯೇ ಗರ್ಜಿಸುವವಳು ಶಾಬ್ದವಿಘ್ನ, ಐದಕ್ಕೆ ಅಲಾರಂ ಇಟ್ಟು ತಾನೊಬ್ಬಳನ್ನು ಬಿಟ್ಟು ಎಲ್ಲರನ್ನೂ ಎಬ್ಬಿಸುವವಳು ಪರಾರ್ಥವಿಘ್ನ. ಮರುದಿನ ಕನ್ನಡಿಯಲ್ಲಿ ಕಂಡ ಕಣ್ಣುಭಾರಕ್ಕೆ ಅಂಡರ್ ಐ ಕ್ರೀಮನ್ನೂ, ಮುಖಕ್ಕೆ ಒದ್ದೆಕಾಗದದ ಮುಸುಕನ್ನೂ ವಿಧಿಸುವ ನವ್ಯವೈದ್ಯರನ್ನು ನಾವು ನಿಂದಿಸುವುದಿಲ್ಲ. ಮುಸುಕಿನಡಿಯಲ್ಲಿ ಹದಿನೈದು ನಿಮಿಷ ಮಾತನಾಡಲಾಗದೆ ಕಣ್ಣುಮುಚ್ಚಿ ಬಿದ್ದಿರಬೇಕಾಗುವುದರಿಂದ ಬರುವ ಕಾಂತಿಯು ಕಾಗದದ ಗುಣವೋ ಬಿದ್ದಿರುವಿಕೆಯ ಗುಣವೋ ಎಂದು ಮಾತ್ರ ಕೇಳುತ್ತೇವೆ.

ಮೈಯೊತ್ತುವಿಕೆಯ ವಿಷಯದಲ್ಲಿ ಪೀಜಿಗಳು ಪ್ರಾಚೀನರನ್ನು ಸರಿಗಟ್ಟಿವೆ. ಭಾನುವಾರ ಹನ್ನೊಂದರ ಬಿಸಿಲಿನಲ್ಲಿ, ತಾರಸಿಯ ಮೇಲೆ ಒಣಹಾಕಿದ ಜೀನ್ಸುಗಳ ನೆರಳಿನಲ್ಲಿ, ಒಬ್ಬಳ ಮೊಣಕಾಲುಗಳ ನಡುವೆ ಮತ್ತೊಬ್ಬಳು, ಅವಳ ಮುಂದೆ ಇನ್ನೊಬ್ಬಳು ಹೀಗೆ ರೈಲಿನೋಪಾದಿಯಲ್ಲಿ ಕುಳಿತು, ಊರಿನಿಂದ ಬಂದ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸುತ್ತ ಒಬ್ಬರ ನೆತ್ತಿಯನ್ನೊಬ್ಬರು ತಟ್ಟುವರು. ಕಟ್ಟಕಡೆಯಲ್ಲಿ ಕುಳಿತವಳ ತಲೆಗೆ ತಟ್ಟುವವರಿಲ್ಲ. ಮರುವಾರ ಅವಳನ್ನು ಮೊದಲು ಕೂರಿಸತಕ್ಕದ್ದೆಂಬುದು ಅಲಿಖಿತ ಧರ್ಮಶಾಸ್ತ್ರ.

ಬಾಷ್ಪಪ್ರಕರಣ

ಇನ್ನು ಗ್ರಂಥದ ಹೃದಯಭಾಗ. ತಡೆಯಬಾರದ ವೇಗಗಳಲ್ಲಿ ಕಣ್ಣೀರೂ ಒಂದು. ಅದನ್ನು ತಡೆದರೆ ನೆಗಡಿ, ನೇತ್ರರೋಗ, ಹೃದ್ರೋಗ, ಅರುಚಿ, ತಲೆಸುತ್ತು ಬರುವುವಂತೆ. ಕಾಲೇಜಿನ ಪ್ರತಿಯೊಂದು ಇಂಟರ್ನಲ್ಸಿನ ಮಾರನೆಯ ದಿನ ಅರ್ಧ ತರಗತಿಗೆ ನೆಗಡಿಯಾಗುವ ಕಾರಣವು ಇದರಿಂದ ಸ್ಪಷ್ಟವಾಗುತ್ತದೆ.

ಅಳುವುದಾದರೆ ಎಲ್ಲಿ ಅಳತಕ್ಕದ್ದು? ಸ್ನಾನದ ಮನೆಯಲ್ಲಿ ನಾಲ್ಕು ನಿಮಿಷಗಳಾದೊಡನೆ ಬಾಗಿಲು ಬಡಿಯುವ ಸದ್ದು. ಗೀಸರ್ ನೀರು ಮುಗಿಯುವ ಮೊದಲು ದುಃಖ ಮುಗಿಯಬೇಕು. ತಾರಸಿಗೆ ಹತ್ತು ಗಂಟೆಗೆ ಬೀಗ. ಜೆ.ಪಿ. ನಗರದಲ್ಲಿ 2004ರಲ್ಲಿ ತೆರೆದ ರಂಗಶಂಕರವೆಂಬ ನಾಟಕಶಾಲೆಯ ಕತ್ತಲೆಯು ಯೋಗ್ಯವಾದುದಾದರೂ, ನಾಟಕ ಮೊದಲಾದ ಮೇಲೆ ಬಂದವರನ್ನು ಒಳಗೆ ಬಿಡದ ಅಲ್ಲಿನ ನಿಯಮದಿಂದಾಗಿ, ಅಳುವವಳು ವೇಳೆಗೆ ಸರಿಯಾಗಿ ಅಳಬೇಕಾಗುತ್ತದೆ. ಮೇಲಾಗಿ ನಾಟಕವು ಹಾಸ್ಯವಾದರೆ ಅನರ್ಥ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಮಾರ್ಗ ತೆರೆದಾಗ, ಮೊದಮೊದಲು ಇಪ್ಪತ್ತೈದು ನಿಮಿಷಗಳಿಗೊಂದು ರೈಲು ಬರುತ್ತಿದ್ದುದರಿಂದ ಬಿಟಿಎಂ ನಿಲ್ದಾಣದಲ್ಲಿ ಒಂದು ಸಾಧಾರಣ ದುಃಖಕ್ಕೆ ಸಾಲುವಷ್ಟು ಅವಕಾಶವಿದ್ದಿತು. ರೈಲುಗಳು ಹೆಚ್ಚಿದಂತೆ ಅದೂ ಸಂಕುಚಿತವಾಯಿತು. ಬನಶಂಕರಿಯ ಸನ್ನಿಧಿಯಲ್ಲಿ ದೀಪದ ಹೊಗೆಯ ನೆಪವೊಂದುಂಟು, ಆದರೆ ಮಂಗಳವಾರದ ರಾಹುಕಾಲವು ಮಧ್ಯಾಹ್ನದ ಲ್ಯಾಬಿಗೂ ಶುಕ್ರವಾರದ್ದು ಬೆಳಗಿನ ಪಾಠಕ್ಕೂ ಅಡ್ಡಬರುವುದರಿಂದ, ಹಾಜರಾತಿ ಕಡಿಮೆಬಿದ್ದವಳಿಗೆ ದೇವಿಯೂ ದೂರ. ಇವೆಲ್ಲವನ್ನೂ ಪರಾಮರ್ಶಿಸಿದ ಮೇಲೆ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣವನ್ನೀಯುವ ಶಕ್ತಿ ಯೋಜನೆಯು ಜಾರಿಗೆ ಬಂದ 2023ರ ಜೂನ್ 11ರಿಂದೀಚೆಗೆ, ಸಾಮಾನ್ಯ ಬಿಎಂಟಿಸಿ ಬಸ್ಸಿನ ಕಿಟಕಿಯ ಪಕ್ಕದ ಸೀಟೇ ಸರ್ವೋತ್ತಮವೆಂದು ನಿರ್ಣಯ: ಅಲ್ಲಿ ಶೂನ್ಯದರದ ಟಿಕೇಟಿನಿಂದ, ಮುಖಕ್ಕೆ ಬೀಸುವ ಧೂಳಿನ ಸಹಕಾರದೊಡನೆ, ಟ್ರಾಫಿಕ್ಕಿನ ಕೃಪೆಯಿರುವಷ್ಟು ಕಾಲ ಅಳಬಹುದು.

ಇಲ್ಲಿಯೇ ಒಂದು ಗಹನವಾದ ಶಂಕೆ. ಕಣ್ಣೀರನ್ನು ತಡೆಯಬಾರದೆಂದ ಅಧ್ಯಾಯವೇ, ಲೋಭ ಭಯ ಕ್ರೋಧಾದಿಗಳ ಜೊತೆಗೆ ಶೋಕವನ್ನು ತಡೆಯತಕ್ಕದ್ದೆಂದೂ ವಿಧಿಸುತ್ತದೆ. ಶೋಕವನ್ನು ತಡೆದು ಅಶ್ರುವನ್ನು ಬಿಡುವುದೆಂತು? ಪೀಜಿಯ ಆಂಟಿಯ ಮತದಲ್ಲಿ ಎರಡನ್ನೂ ತಡೆಯತಕ್ಕದ್ದು, ಪಕ್ಕದ ರೂಮಿನವರಿಗೆ ಡಿಸ್ಟರ್ಬ್ ಆಗುತ್ತದೆ. ಸ್ಟೇಟಸ್‌ವಾದಿಗಳ ಮತದಲ್ಲಿ ಎರಡನ್ನೂ ತಡೆಯದೆ, ಹಿನ್ನೆಲೆಸಂಗೀತಸಹಿತವಾಗಿ ಪ್ರಕಟಿಸತಕ್ಕದ್ದು. ಮನೆಯವರ ಮತದಲ್ಲಿ, ಅಷ್ಟು ಕಷ್ಟವಾದರೆ ಓದು ಸಾಕು, ಊರಿಗೆ ಬಂದುಬಿಡತಕ್ಕದ್ದು. ಈ ಮೂರನೆಯ ಮತದ ಭಯದಿಂದಲೇ ಹುಡುಗಿಯರು ತಾಯಿಯ ದನಿ ಕೇಳಿದೊಡನೆ ಉಕ್ಕುವುದನ್ನು ನುಂಗಿ, ‘ಏನಿಲ್ಲ, ಸ್ವಲ್ಪ ಶೀತ’ ಎನ್ನುವುದು. ಅತ್ತುದಕ್ಕೆ ಓದನ್ನೇ ದಂಡವಾಗಿ ತೆರಬೇಕಾದಲ್ಲಿ ಯಾರು ತಾನೆ ಅತ್ತಾರು? ಸಿದ್ಧಾಂತವಿದು: ಕಣ್ಣೀರು ದೇಹದ್ದು, ಬಂದು ಹೋಗುತ್ತದೆ, ಶೋಕವು ಮನಸ್ಸಿನದು, ಕಟ್ಟಿಟ್ಟಷ್ಟೂ ಬೆಳೆಯುತ್ತದೆ, ಆದುದರಿಂದ ಮೊದಲನೆಯದನ್ನು ಬಿಡುವುದೇ ಎರಡನೆಯದನ್ನು ತಡೆಯುವ ಉಪಾಯ.

ಬಾಷ್ಪನಿಗ್ರಹಕ್ಕೆ ಆಚಾರ್ಯನು ಹೇಳಿದ ಚಿಕಿತ್ಸೆಗಳು ಮೂರು: ನಿದ್ರೆ, ಮದ್ಯ, ಪ್ರಿಯವಾದ ಮಾತುಕತೆ. ಮೊದಲನೆಯದರ ದುರ್ಲಭತೆ ಉಕ್ತವಾಗಿದೆ. ಎರಡನೆಯದು ಗೋಡೆಗೆ ಅಂಟಿಸಿದ ನಿಯಮಾವಳಿಯಲ್ಲಿ ಕೆಂಪಕ್ಷರದಿಂದ ನಿಷಿದ್ಧವಾಗಿದ್ದು, ಅದರ ಸ್ಥಾನದಲ್ಲಿ ಫಿಲ್ಟರ್ ಕಾಫಿಯನ್ನು ಗ್ರಹಿಸಬೇಕೆಂದು ದಾಕ್ಷಿಣಾತ್ಯರು. ಹೀಗೆ ಪಾರಿಶೇಷ್ಯದಿಂದ ಮೂರನೆಯದೇ ಉಳಿಯುತ್ತದೆ. ಅದಕ್ಕೆ ಬೇಕಾದುದು ಏನಾಯಿತೆಂದು ಒಮ್ಮೆ ಮಾತ್ರ ಕೇಳಿ, ‘ಏನೂ ಇಲ್ಲ ಕಣೆ’ ಎಂಬ ಉತ್ತರವನ್ನು ನಂಬದೆ, ಎದ್ದೂ ಹೋಗದೆ ಪಕ್ಕದಲ್ಲಿ ಕೂರುವ ಒಬ್ಬ ಗೆಳತಿ. ಆದರೆ ಶೋಕವು ವಾರಗಟ್ಟಲೆ ಕದಲದೆ ನಿಂತು, ಹಸಿವು ನಿದ್ರೆಗಳು ತಡೆಯದೆಯೇ ತಾವಾಗಿ ನಿಂತುಹೋದರೆ, ಗೆಳತಿಯ ಮೇಲೆ ಮಾತ್ರ ಭಾರ ಹಾಕದೆ, ಬಿಟಿಎಂ ಬಡಾವಣೆಯಲ್ಲಿಯೇ ಇರುವ ನಿಮ್ಹಾನ್ಸ್ ಸಂಸ್ಥೆಯ ಕ್ಷೇಮಕೇಂದ್ರಕ್ಕೆ ಹೋಗಬೇಕು, ಇಲ್ಲವೆ 2022ರ ಅಕ್ಟೋಬರಿನಿಂದ ಹಗಲಿರುಳೂ ನಡೆಯುತ್ತಿರುವ ಟೆಲಿಮಾನಸ್ ಸಹಾಯವಾಣಿಯ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಹೇಳಿಕೊಳ್ಳಬೇಕು. ಈ ಒಂದು ವಾಕ್ಯದಲ್ಲಿ ಪರಿಹಾಸವಿಲ್ಲ.

ಆಕ್ಷೇಪಪರಿಹಾರ

ನಮ್ಮ ಅಜ್ಜಿಯರಿಗೆ ಈ ಸೆಲ್ಫ್ ಕೇರ್ ಎಲ್ಲಿತ್ತು, ಅವರು ಬದುಕಲಿಲ್ಲವೆ ಎಂಬುದು ಅಂತಿಮ ಪೂರ್ವಪಕ್ಷ. ಎನ್‌ಎಂಕೆಆರ್‌ವಿ ಕಾಲೇಜಿನಲ್ಲಿ ಅದರ ಪ್ರಾಂಶುಪಾಲರಾಗಿದ್ದ ಚಿ.ನ. ಮಂಗಳಾ ಅವರು ಕಟ್ಟಿ ಬೆಳೆಸಿದ ‘ಶಾಶ್ವತಿ’ ಎಂಬ ಮಹಿಳಾ ಅಧ್ಯಯನ ಕೇಂದ್ರ ಮತ್ತು ವಸ್ತುಸಂಗ್ರಹಾಲಯವನ್ನು ನೋಡಿಬಂದು ಈ ಪ್ರಶ್ನೆಯನ್ನು ಕೇಳಿದರೆ ಉತ್ತರಿಸಲು ಸುಲಭ. ಅಜ್ಜಿಯರಿಗೆ ಸೌದೆಯ ಒಲೆಯಿದ್ದಿತು, ಹೊಗೆಯಿದ್ದಿತು, ಹೆಚ್ಚಲು ಈರುಳ್ಳಿಯಿದ್ದಿತು. ಮನೆತುಂಬ ಜನರಿದ್ದರೂ ದಿನಕ್ಕೆರಡು ಸಲ ಯಾರಿಗೂ ಜವಾಬು ಕೊಡದೆ ಕಣ್ಣೊರೆಸಿಕೊಳ್ಳುವ ಸ್ವಾತಂತ್ರ್ಯವಿದ್ದಿತು. ಅಡುಗೆಮನೆಯಿಂದ ಮೊಮ್ಮಗಳನ್ನು ಬಿಡಿಸಿ ಓದಲು ಕಳುಹಿದ್ದು ಯುಗಪ್ರವರ್ತಕವಾದ ಕಾರ್ಯವೇ. ಆದರೆ ಒಲೆಯೊಡನೆ ನೆಪವೂ ಹೋಯಿತೆಂಬುದನ್ನು ಗಮನಿಸದೆ, ಅದರ ಬದಲಿಗೆ ಬಾಗಿಲುಳ್ಳ ಕೊಠಡಿಯನ್ನು ಕೊಡಲು ನಾವು ಮರೆತೆವು.

ಫಲಶ್ರುತಿ

ಇಂಟರ್ನಲ್ಸಿನ ಹಿಂದಿನ ರಾತ್ರಿ ಇದನ್ನು ಓದಿದವಳಿಗೆ ಅರ್ಧದಲ್ಲಿಯೇ ನಿದ್ರೆ ಬರುವುದು. ಪ್ರಾಂಶುಪಾಲರು ಓದಿದರೆ ಮೂರನೆಯ ಮಹಡಿಗೆ ಹೊಸ ಚಿಲಕ ಬರುವುದು. ತಾಯಿ ಓದಿದರೆ, ಊಟ ಆಯಿತೇ ಎನ್ನುವ ಬದಲು ಏನು ಉಂಡೆ ಎಂದು ಕೇಳುವ ಯುಕ್ತಿಯೂ, ಅಳು ಕೇಳಿಸಿದಾಗ ಊರಿಗೆ ಕರೆಯದೆ ಫೋನು ಹಿಡಿದು ಸುಮ್ಮನಿರುವ ಶಕ್ತಿಯೂ ಸಿದ್ಧಿಸುವುವು. ಪೀಜಿಯ ಆಂಟಿ ಓದಿದರೆ ತಾರಸಿಯ ಬೀಗ ಹನ್ನೊಂದಕ್ಕೆ ಸರಿಯುವುದು. ಖಾಲಿಮಾಡುವಾಗ ಅಡ್ವಾನ್ಸ್ ಪೂರ್ಣವಾಗಿ ಹಿಂದಿರುಗುವುದೆಂದು ಮಾತ್ರ ಹೇಳಲಾರೆವು. ಪೇಂಟಿಂಗ್ ಚಾರ್ಜು ಕಳೆಯದ ಮೋಕ್ಷವು ಈ ಸೀಮೆಯಲ್ಲಿ ದೇವತೆಗಳಿಗೂ ಲಭಿಸಿದ ದಾಖಲೆಯಿಲ್ಲ.