ಮುಂದಿರೋನು ಗೆಲ್ಲೋದಿಲ್ಲ

ಜುಲೈ ಸಂಜೆ ಟೂರ್ ಡಿ ಫ್ರಾನ್ಸ್ ಸೈಕಲ್ ಓಟ ಹಾಕಿಕೊಂಡು ಟಿವಿ ಮುಂದೆ ಕೂತವರಿಗೆ ಮನೆಯವರ ಪ್ರಶ್ನೆ ತಪ್ಪಿದ್ದಲ್ಲ.

“ಯಾರ್ರೀ ಮುಂದಿರೋದು?”

“ಯಾರೋ ನಾಲ್ಕು ಜನ. ಅವರು ಗೆಲ್ಲಲ್ಲ ಬಿಡು.”

“ಮತ್ತೆ ಗೆಲ್ಲೋನು?”

“ಹಿಂದೆ, ಗುಂಪಿನ ಮಧ್ಯೆ. ಏನೋ ತಿಂತಾ ಇದ್ದಾನೆ ನೋಡು.”

ಇಷ್ಟು ಕೇಳಿದ ಮೇಲೆ ಧಾರಾವಾಹಿಯೇ ವಾಸಿ ಅನ್ನಿಸಿದರೆ ಅವರ ತಪ್ಪೇನಿಲ್ಲ. ಮುಂದಿರುವವನು ಗಾಳಿಗೆ ಎದೆ ಕೊಟ್ಟು ದಣಿಯುತ್ತಾನೆ. ಹಿಂದಿನವನು ಅವನ ಬೆನ್ನ ಮರೆಯಲ್ಲಿ ಕಸುವು ಉಳಿಸಿಕೊಳ್ಳುತ್ತಾನೆ. ಮೂರು ವಾರ, 21 ಹಂತ, ಸುಮಾರು 3,400 ಕಿಲೋಮೀಟರ್. ಉಳಿತಾಯ ಗೊತ್ತಿಲ್ಲದವನಿಗೆ ಪ್ಯಾರಿಸ್ ದೂರ.

ನೋಡುವವರಲ್ಲೂ ಒಮ್ಮತವಿಲ್ಲ. ಬೆಟ್ಟದ ಪಕ್ಷದವರಿಗೆ ಆಲ್ಪ್ ದುಯೆಜ್‌ನ 21 ತಿರುವು ಬಂದರೇ ಓಟ. ಬಯಲು ಸೀಮೆಯದೆಲ್ಲ ಬರೀ ಪ್ರಯಾಣ. ಸ್ಪ್ರಿಂಟ್ ಪಕ್ಷದವರು ಗಂಟೆಗಟ್ಟಲೆ ತೂಕಡಿಸಿ, ಕೊನೆಯ ಮೂರು ಕಿಲೋಮೀಟರಿಗೆ ಸರಿಯಾಗಿ ಕಣ್ಣು ಬಿಡುವ ವಿದ್ಯೆ ಕಲಿತಿದ್ದಾರೆ. ಲೆಕ್ಕದ ಪಕ್ಷದವರ ಎದುರು 1989 ಅಂದರೆ ಸಾಕು, ಎದ್ದು ಕೂರುತ್ತಾರೆ. ಆ ವರ್ಷದ ಕೊನೆಯ ದಿನ ಒಬ್ಬೊಬ್ಬರೇ ಗಡಿಯಾರದ ಜೊತೆ ಪೈಪೋಟಿ. ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್. 50 ಸೆಕೆಂಡ್ ಹಿಂದಿದ್ದ ಗ್ರೆಗ್ ಲೆಮಾಂಡ್, ಲೋರಾಂ ಫಿನ್ಯೋಂನನ್ನು ಒಟ್ಟಾರೆ 8 ಸೆಕೆಂಡಿನಿಂದ ಸೋಲಿಸಿದ. ಇನ್ನು ಹೆಲಿಕಾಪ್ಟರ್ ಪಕ್ಷದವರು. ಅವರಿಗೆ ಕೋಟೆ, ಚರ್ಚು, ಸೂರ್ಯಕಾಂತಿ ಹೊಲ ಕಂಡರೆ ಸಾಕು. ನಡುವೆ ಸೈಕಲ್ ತೋರಿಸಿದರೆ ಬೇಜಾರು.

ನನ್ನದು ಸೋತವರ ಪಕ್ಷ. 1913ರಲ್ಲಿ ತೂರ್ಮಾಲೆ ಬೆಟ್ಟ ಇಳಿಯುವಾಗ ಯೂಜೀನ್ ಕ್ರಿಸ್ತೋಫ್‌ನ ಸೈಕಲ್ಲಿನ ಫೋರ್ಕು ಮುರಿಯಿತು. ಹೊರಗಿನವರ ನೆರವು ಪಡೆಯಕೂಡದು ಎಂಬ ನಿಯಮ. ಸೈಕಲ್ ಹೊತ್ತು ಮೈಲಿಗಟ್ಟಲೆ ನಡೆದು ಸೇಂತ್ ಮರೀ ದ ಕಾಂಪಾಂ ಎಂಬ ಊರಿನ ಕುಲುಮೆ ಸೇರಿದ. ಕಬ್ಬಿಣ ಕಾಯಿಸಿ, ಬಡಿದು, ತಾನೇ ರಿಪೇರಿ ಮಾಡಿಕೊಂಡ. ಅವನ ಕೈಗೆ ಬಿಡುವಿಲ್ಲದಿದ್ದಾಗ ತಿದಿ ಒತ್ತಿದ್ದು ಮಾತ್ರ ಒಬ್ಬ ಹುಡುಗ. ಪಕ್ಕದಲ್ಲೇ ಕಾವಲು ನಿಂತಿದ್ದ ಅಧಿಕಾರಿಗಳು ಅದನ್ನೂ ಬರೆದುಕೊಂಡರು, ದಂಡ ಬಿತ್ತು! ಆ ವರ್ಷ ಗೆದ್ದವನು ಫಿಲಿಪ್ ತೀಸ್. ಅವನ ಹೆಸರಿಗೆ ಅಭಿಮಾನಿಗಳೂ ತಲೆ ಕೆರೆದುಕೊಳ್ಳುತ್ತಾರೆ. ಫಲಕ ಇರುವುದು ಕ್ರಿಸ್ತೋಫ್ ಹೆಸರಿನಲ್ಲಿ, ಆ ಕುಲುಮೆಯ ಊರಲ್ಲಿ. ಹರಿಕಥೆಯಲ್ಲೂ ಅಷ್ಟೇ ತಾನೆ, ಜನ ಕಿವಿ ನಿಮಿರಿಸುವುದು ಉಪಕಥೆಗೇ.

ಅಷ್ಟಕ್ಕೂ ಈ ಓಟ ಶುರುವಾದದ್ದು 1903ರಲ್ಲಿ, ‘ಲೋತೊ’ ಎಂಬ ಪತ್ರಿಕೆಯ ಮಾರಾಟ ಹೆಚ್ಚಲಿ ಅಂತ. ಅದರ ಕಾಗದ ಹಳದಿ. ಮುಂದೆ ನಾಯಕನ ಅಂಗಿಯೂ ಹಳದಿಯಾಯಿತು. ರಸ್ತೆ ಬದಿ ಕಾದು ನಿಂತವನಿಗೆ ಕಂಡದ್ದು ಒಂದು ಗಳಿಗೆ. ಮಿಕ್ಕದ್ದನ್ನು ಮರುದಿನ ಕಾಸು ಕೊಟ್ಟು ಓದಬೇಕು, ಓದಿದ ಮೇಲೆ ಪಕ್ಕದವನ ಜೊತೆ ಜಗಳ ಕಾಯಬೇಕು. ನೋಡಿದ್ದಕ್ಕಿಂತ ಆಡಿಕೊಂಡದ್ದೇ ಹೆಚ್ಚಿರಲಿ ಎಂದು ಹುಟ್ಟಿದ ಓಟವಿದು. ಹಾಗಾಗಿ ಎಲ್ಲ ಪಕ್ಷದವರೂ ಧಾರಾಳವಾಗಿ ಕಚ್ಚಾಡಲಿ. ಸ್ಪ್ರಿಂಟ್ ಪಕ್ಷದವರು ಮಾತ್ರ, ತಾವು ತೂಕಡಿಸುವಾಗ ಏನೇನಾಯಿತೆಂದು ನಮ್ಮನ್ನು ಕೇಳಿಕೊಂಡು ಆಮೇಲೆ ವಾದಕ್ಕಿಳಿಯುವುದು ಕ್ಷೇಮ.