ಅಪ್ಪೆಮರದ ಜಾತಕ

ಅಘನಾಶಿನಿ ಹೊಳೆಯಂಚಿನ ಹಿರಿಯ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿ ಮಾವಿನ ಮರವಿದು. ಈಚೆಗೆ ಸಂಶೋಧಕರು ಬಂದು ಇದರ ಎಲೆ ಕೊಯ್ದುಕೊಂಡು ಹೋದರು. ಮರಕ್ಕೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಪ್ರಶ್ನೆ: ಎಲೆ ಯಾಕಂತೆ?

ಮರ: ಡಿಎನ್ಎ ನೋಡಿ ಜಾತಕ ಬರೆಯೋಕೆ! ನಾಲ್ಕು ಚಿಗುರು ಕಿತ್ತು ಸಿಲಿಕಾ ಜೆಲ್ ಪೊಟ್ಟಣಕ್ಕೆ ತುಂಬಿದರು, ಮೈಗೊಂದು ನಂಬರ್ ಹೊಡೆದರು. ಊರಿಗೆಲ್ಲ ನಾನು ‘ಮೇಲಿನಮನೆ ಜೀರಿಗೆ’, ಅವರಿಗೆ ಬರೀ ನಂಬರ್.

ಪ್ರಶ್ನೆ: ಡಿಎನ್ಎ ಸಲೀಸಾಗಿ ಸಿಕ್ಕಿತೇ?

ಮರ: ಸೊನೆ ತಾಗಿಸಿಕೊಂಡವರನ್ನ ಕೇಳಿ ನನ್ನ ಗುಣ. ಎಲೆ ಅರೆದರೆ ಪಾಲಿಫಿನಾಲ್‌ಗೆ ಎಲ್ಲ ಕಂದುಗಟ್ಟುತ್ತೆ, ಸಕ್ಕರೆಯಂಶಕ್ಕೆ ಲೋಳೆಯಾಗುತ್ತೆ. ಅದನ್ನ ತೊಳೆಯೋದರಲ್ಲೇ ಅವರು ಹೈರಾಣ.

ಪ್ರಶ್ನೆ: ಜಾತಕಕ್ಕೆ ಅವರು ನೋಡುವ ‘ಮಾರ್ಕರ್’ ಅಂದರೇನು?

ಮರ: ಡಿಎನ್ಎ ಅಲ್ಲಲ್ಲಿ ‘ಜಿಎ ಜಿಎ ಜಿಎ’ ಅಂತ ತೊದಲುತ್ತೆ. ನನ್ನದು ಹನ್ನೆರಡು ಸಲ ತೊದಲಿದರೆ ಆಚೆ ದಡದವನದು ಹದಿನೈದು ಸಲ. ಅದರ ಎರಡೂ ಬದಿಗೆ ಇಪ್ಪತ್ತು ಅಕ್ಷರದ ಪ್ರೈಮರ್ ಕೂರಿಸಿ, ಪಿಸಿಆರ್ ಯಂತ್ರದಲ್ಲಿ 95 ಡಿಗ್ರಿಗೆ ಕಾಯಿಸಿ, ತಣಿಸಿ, ಪ್ರತಿ ತೆಗೀತಾರೆ. ಉದ್ದ ನೋಡಿದರೆ ನೆಂಟಸ್ತಿಕೆ ಬಯಲು. ಎಲ್ಲ ಮರದಲ್ಲೂ ಒಂದೇ ಉದ್ದ ತೋರಿಸೋ ಪ್ರೈಮರ್ ಕಸದ ಬುಟ್ಟಿಗೆ.

ಪ್ರಶ್ನೆ: ಹೆಸರಾದ ‘ಅನಂತಭಟ್ಟನ ಅಪ್ಪೆ’ ತಳಿಯ ಕಸಿ ಈಗ ಎಲ್ಲ ನರ್ಸರಿಯಲ್ಲೂ ಸಿಗುತ್ತಲ್ಲ?

ಮರ: ನಿಜವಾದ ಕಸಿಯಾದರೆ ಎಲ್ಲ ಮಾರ್ಕರಿನಲ್ಲೂ ತಾಯಿಮರಕ್ಕೆ ತಾಳೆಯಾಗಬೇಕು. ಆಗದಿದ್ದರೆ ಭಟ್ಟರು ಬೋರ್ಡಿನಲ್ಲಿ ಮಾತ್ರ. ಆದರೂ ಕೇಳಿ, ಒಂದೇ ಮರದ ಕಸಿ ಸಾವಿರ ನೆಟ್ಟರೂ ವೈವಿಧ್ಯದ ಲೆಕ್ಕಕ್ಕೆ ಅದು ಒಂದೇ ಮರ.

ಪ್ರಶ್ನೆ: 2009ರಲ್ಲಿ ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು. ಖುಷಿಯೇ?

ಮರ: ಮಾನ್ಯತೆ ಪತ್ರ ಮರ ಹತ್ತೋದಿಲ್ಲ ಸ್ವಾಮಿ, ಹತ್ತೋದು ಕತ್ತಿ. ಗೊಂಚಲು ಕೈಗೆಟುಕದಿದ್ದರೆ ಗೆಲ್ಲನ್ನೇ ಕಡಿದು ಕೆಡವ್ತಾರೆ.

ಪ್ರಶ್ನೆ: ಸಂಶೋಧಕರ ಮುಂದಿನ ಕೆಲಸ?

ಮರ: ನನ್ನ ಮಕ್ಕಳನ್ನ ಹುಡುಕೋದು. ಹಿರಿಯ ಮರಗಳ ವೈವಿಧ್ಯ ಸಸಿಗಳಿಗೂ ಇಳಿದಿದೆಯೇ ಅಂತ ಹೋಲಿಸಬೇಕಂತೆ. ಬುಡದಲ್ಲಿ ಸಸಿ ಇದ್ದರೆ ತಾನೇ? ಗೊರಟು ಬಲಿಯೋ ಮೊದಲೇ ಮಿಡಿ ಭರಣಿ ಸೇರುತ್ತೆ. ಉಪ್ಪುನೀರಿನಲ್ಲಿ ವಂಶ ಬೆಳೆಯುತ್ತಾ?

ಪ್ರಶ್ನೆ: ಓದುಗರಿಗೆ ಏನು ಹೇಳ್ತೀರಿ?

ಮರ: ಮರಕ್ಕೆರಡು ಗೆಲ್ಲಿನ ಕಾಯಿ ಹಣ್ಣಾಗಿ ಉದುರಲಿ, ಬಿಡಿ. ಅದಕ್ಕೆ ಯಾವ ಪ್ರೈಮರೂ ಬೇಡ.

ಪ್ರಶ್ನೆ: ಖಂಡಿತ ಬರೀತೀನಿ. ಅಂದಹಾಗೆ, ಈ ಸಲ ಮಿಡಿ ನೂರಕ್ಕೆ ಎಷ್ಟು ಹೇಳ್ತಿದ್ದಾರೆ?