ಕಾಲು ಪಾಲಿನ ಹಿರಿತನ

ನಾನು ಹುಟ್ಟಿದ್ದು 1960ರ ಮೇ ತಿಂಗಳಲ್ಲಿ. ಅದರಲ್ಲಿ ನನ್ನ ಕೈವಾಡವೇನೂ ಇಲ್ಲ, ನಷ್ಟ ಮಾತ್ರ ಪೂರ್ತಿ ನನ್ನದೇ. ರೈಲಿನಲ್ಲಿ ಆಗೆಲ್ಲ ಅರವತ್ತಾದ ಗಂಡಸರಿಗೆ ಶೇಕಡ 40, ಐವತ್ತೆಂಟಾದ ಹೆಂಗಸರಿಗೆ ಶೇಕಡ 50 ರಿಯಾಯಿತಿ ಇತ್ತು. ಕೊರೊನಾ ಬಂತು, 2020ರ ಮಾರ್ಚ್ 20ರಿಂದ ಅದು ನಿಂತುಹೋಯಿತು. ನನಗೆ ಅರವತ್ತು ತುಂಬಲು ಬಾಕಿ ಇದ್ದದ್ದು ಎರಡೇ ತಿಂಗಳು. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಾ ಬಂದವನು ಪಕ್ಕದ ಎಲೆಯವರೆಗೂ ಬಂದು, ಅಲ್ಲಿಂದಲೇ ಪಾತ್ರೆ ಬಗ್ಗಿಸಿ ತೋರಿಸಿ ಹಿಂದಿರುಗಿದ ಹಾಗಾಯಿತು.

ಪಕ್ಕದ ಎಲೆ ನನ್ನ ಹೆಂಡತಿಯದು. ಆಕೆಗೆ ಆ ವರ್ಷದ ಜನವರಿಯಲ್ಲಿ ಐವತ್ತೆಂಟು ತುಂಬಿತ್ತು. ಫೆಬ್ರವರಿಯಲ್ಲಿ ಅವಳ ಅಣ್ಣನ ಮಗಳ ಮದುವೆಗೆಂದು ಅರಸೀಕೆರೆಯಲ್ಲಿ ಮುಂಬಯಿ ರೈಲು ಹತ್ತಿದೆವು. ಒಂದೇ ಬೋಗಿ, ಒಂದೇ ಹಳಿ, ಒಂದೇ ಫ್ಲಾಸ್ಕಿನ ಕಾಫಿ. ಆಕೆಗೆ ಅರ್ಧ, ನನಗೆ ಪೂರ್ತಿ. ಅರ್ಧಾಂಗಿ ಎಂಬ ಮಾತನ್ನು ಮದುವೆಯಾದ ದಿನದಿಂದ ನಾನು ಭಾವಾರ್ಥದಲ್ಲಿ ತಿಳಿದುಕೊಂಡಿದ್ದೆ. ರೈಲ್ವೆಯವರು ವಾಚ್ಯಾರ್ಥದಲ್ಲೇ ತೆಗೆದುಕೊಂಡಿದ್ದರು.

‘ಇದು ಅನ್ಯಾಯ. ನನಗಿಂತ ನಿನ್ನ ಸಂಬಳ ಜಾಸ್ತಿ’ ಎಂದೆ.

ಆಕೆ ಕನ್ನಡ ಮೇಷ್ಟರು. ಯಾವ ಕಾಗದ ಸಿಕ್ಕರೂ ಕೆಂಪು ಇಂಕಿನ ಕಣ್ಣಿನಿಂದಲೇ ನೋಡುವುದು. ಕನ್ನಡಕ ಏರಿಸಿ ಟಿಕೆಟ್ಟಿನ ಸಣ್ಣ ಅಕ್ಷರ ಓದಿದಳು. ‘ಇಲ್ಲಿ ನೋಡಿ. ಪ್ರಯಾಣದ ಖರ್ಚಿನಲ್ಲಿ ಸರಾಸರಿ ನೂರಕ್ಕೆ ಐವತ್ತೇಳು ಮಾತ್ರ ಅವರಿಗೆ ವಾಪಸ್ ಬರೋದಂತೆ. ಮಿಕ್ಕ ನಲವತ್ಮೂರಕ್ಕೆ ನೀವೂ ಪುಕ್ಕಟೆ ಗಿರಾಕೀನೇ.’

ಆ 43 ಪಾಲನ್ನು ದೇಶದ ಸಾಮಾನ್ಯ ಪ್ರಜೆ ಹೊರುತ್ತಿದ್ದಾನೆ ಎಂದು 2016ರಲ್ಲಿ ಟಿಕೆಟ್ಟಿನ ಮೇಲೇ ಅಚ್ಚು ಹಾಕಿಸಿದ್ದರು. ಆ ಸಾಮಾನ್ಯ ಪ್ರಜೆ ನಾನೇ ಎಂದು ನಾನು ನಂಬಿಕೊಂಡಿದ್ದೆ. ನಾನಾಗಿದ್ದರೆ ನನ್ನನ್ನು ಹೊತ್ತಿದ್ದವನು ಯಾರು? ದಾವಣಗೆರೆಯಲ್ಲಿ ರೈಲು ನಿಂತಾಗ ಗೋಣಿಚೀಲ ಹೊತ್ತುಕೊಂಡು ಜನರಲ್ ಬೋಗಿಯತ್ತ ಓಡುತ್ತಿದ್ದವರಲ್ಲಿ ಒಬ್ಬ ನಮ್ಮ ಕಿಟಕಿಯ ಕಡೆ ಒಮ್ಮೆ ತಿರುಗಿ ನೋಡಿದ. ನಾನು ಪರದೆ ಎಳೆದುಕೊಂಡೆ.

ರಿಯಾಯಿತಿ ತಪ್ಪಿದ್ದಕ್ಕಿಂತಲೂ ನನ್ನನ್ನು ಹೆಚ್ಚು ಕುಗ್ಗಿಸಿದ್ದು ಇನ್ನೊಂದಿದೆ. 2017ರಲ್ಲಿ ರೈಲ್ವೆಯವರು, ಅನುಕೂಲ ಇರುವ ಹಿರಿಯರು ತಮ್ಮ ರಿಯಾಯಿತಿಯನ್ನು ಅರ್ಧವೋ ಪೂರ್ತಿಯೋ ಬಿಟ್ಟುಕೊಡಬಹುದೆಂದು ಅವಕಾಶ ಮಾಡಿದರು. ನನಗಾಗ ಐವತ್ತೇಳು. ಸಂಜೆ ವಾಕಿಂಗ್ ಮುಗಿಸಿ ಪಾರ್ಕಿನ ಕಟ್ಟೆಯ ಮೇಲೆ ಕೂರುವ ನಮ್ಮ ಗುಂಪಿನಲ್ಲಿ ಅರವತ್ತು ದಾಟಿದವರೇ ಹೆಚ್ಚು. ‘ಪಿಂಚಣಿ ಬರ್ತದೆ, ಸ್ವಂತ ಮನೆ ಇದೆ, ಮಗ ಅಮೆರಿಕದಲ್ಲಿದ್ದಾನೆ. ನಿಮಗ್ಯಾಕ್ರೀ ರಿಯಾಯಿತಿ? ನಾನಾಗಿದ್ರೆ ಬಿಟ್ಟುಕೊಡ್ತಿದ್ದೆ’ ಎಂದು ಒಂದು ವಾರ ಪೂರ್ತಿ ಭಾಷಣ ಬಿಗಿದೆ. ಇಬ್ಬರು ಕಟ್ಟೆ ಬದಲಾಯಿಸಿದರು. ಆಡಿದ ಮಾತಿಗೆ ತಪ್ಪಬಾರದೆಂದು ಮೂರು ವರ್ಷ ಮನಸ್ಸನ್ನು ಹದಗೊಳಿಸಿಕೊಂಡು, ಅರ್ಧದಷ್ಟಾದರೂ ತ್ಯಾಗ ಮಾಡಿಯೇ ಬಿಡುವುದೆಂದು ತೀರ್ಮಾನಿಸಿದೆ. ಆ ಹೊತ್ತಿಗೆ ಬಿಟ್ಟುಕೊಡಲು ಏನೂ ಉಳಿದಿರಲಿಲ್ಲ. ಇಲ್ಲದ್ದನ್ನು ದಾನ ಮಾಡಿದವನ ಹೆಸರು ಯಾವ ಪುರಾಣದಲ್ಲೂ ಬರುವುದಿಲ್ಲ.

ಹಾಗೆಂದು ನಾನೇನು ಸತ್ಯಹರಿಶ್ಚಂದ್ರನಲ್ಲ. ಹಕ್ಕಿಲ್ಲದ ರಿಯಾಯಿತಿಯ ರುಚಿ ನನಗೆ ಅಕ್ಷರಾಭ್ಯಾಸದ ಜೊತೆಜೊತೆಗೇ ಹತ್ತಿತು. ಟಿಕೆಟ್ ಬೇಡದ ವಯಸ್ಸನ್ನು ದಾಟಿ ಎರಡು ವರ್ಷವಾಗಿದ್ದರೂ ಅಮ್ಮ ನನ್ನನ್ನು ಬಸ್ಸಿನಲ್ಲಿ ತೊಡೆಯ ಮೇಲೇ ಕೂರಿಸಿಕೊಳ್ಳುತ್ತಿದ್ದಳು. ನನ್ನ ಪಾದ ನೆಲ ಮುಟ್ಟುತ್ತಿತ್ತು, ಮಡಚಿಕೊಳ್ಳಬೇಕೆಂದು ಅಪ್ಪಣೆ. ಒಂದು ಸಲ ಕಂಡಕ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ‘ಸ್ಕೂಲಿಗೆ ಹೋಗ್ತಾನಾ ತಾಯಿ?’ ಎಂದ. ‘ಇಲ್ಲಪ್ಪ, ಇನ್ನೂ ಸೇರಿಸಿಲ್ಲ’ ಎಂದಳು ಅಮ್ಮ. ಪುಣ್ಯಾತ್ಮ ಜಗಳ ಮಾಡಲಿಲ್ಲ. ಡ್ರೈವರ್ ತಲೆಯ ಮೇಲಿದ್ದ ಬೋರ್ಡು ತೋರಿಸಿ ‘ಅದೇನು ಮರಿ, ಚಿತ್ರ ಇದ್ದ ಹಾಗಿದೆಯಲ್ಲಾ?’ ಎಂದ. ‘ಚಿತ್ರ ಅಲ್ಲ. ಟಿಕೆಟ್ಟಿಲ್ಲದೆ ಪ್ರಯಾಣಿಸುವುದು ಶಿಕ್ಷಾರ್ಹ ಅಪರಾಧ’ ಎಂದು ಇಡೀ ಬಸ್ಸಿಗೆ ಕೇಳುವಂತೆ ಓದಿದೆ. ‘ಶಿಕ್ಷಾರ್ಹ’ದ ಅರ್ಕಾವೊತ್ತನ್ನೂ ಬಿಡಲಿಲ್ಲ. ಅಮ್ಮ ತೊಡೆ ಚಿವುಟಿದಳು, ಟಿಕೆಟ್ ಕೊಂಡಳು. ರಾತ್ರಿ ಅಪ್ಪನ ಹತ್ತಿರ ಮಾತ್ರ ‘ಒಂದು ಒತ್ತಕ್ಷರಾನೂ ತಪ್ಪಲಿಲ್ಲ ರೀ’ ಎಂದು ಹೇಳುತ್ತಿದ್ದದ್ದು ನನಗೆ ಕೇಳಿಸಿತು.

ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನನಗೆ ನೌಕರಿ. ಅಲ್ಲಿ ಎಲ್‌ಟಿಸಿ ಎಂಬುದಿತ್ತು: ನಾಲ್ಕು ವರ್ಷದ ಬ್ಲಾಕಿನಲ್ಲಿ ಸಂಸಾರ ಸಮೇತ ದೇಶದ ಯಾವ ಮೂಲೆಗಾದರೂ ಒಮ್ಮೆ ಹೋಗಿಬಂದರೆ ಪ್ರಯಾಣದ ಖರ್ಚು ಸರ್ಕಾರದ್ದು. ಹೋಗದೆಯೇ ಬಂದವರೂ ಇದ್ದರು. ಒಬ್ಬರು ಕನ್ಯಾಕುಮಾರಿಯ ಬಿಲ್ಲು ತಂದಿಟ್ಟರು. ಅಕೌಂಟ್ಸಿನವರು ಲೋಕಾಭಿರಾಮವಾಗಿ ‘ವಿವೇಕಾನಂದ ಬಂಡೆ ನೋಡಿದ್ರಾ?’ ಎಂದರು. ‘ನೋಡದೆ ಇರ್ತೀವಾ ಸಾರ್? ಬಸ್ಸು ನೇರ ಬಂಡೆ ಹತ್ತಿರಾನೇ ಇಳಿಸ್ತು.’ ಸಮುದ್ರದ ಮೇಲೆ ಬಸ್ಸು ಓಡಿಸಿದ ಆ ಮಹಾನುಭಾವರು ಆಮೇಲೆ ಸಿಡಿಮಿಡಿಗೊಂಡು ನಿಜವಾಗಿಯೇ ಹೋಗಿಬಂದರು. ದೋಣಿಯಲ್ಲಿ ವಾಂತಿ ಮಾಡಿಕೊಂಡರಂತೆ. ನಾನು ನಗುತ್ತೇನೆ, ಸರಿ. ನನ್ನ ಡ್ರಾಯರಿನಲ್ಲೂ ಊಟಿಯ ಒಂದು ಖಾಲಿ ಬಿಲ್ಲು ಎರಡು ವರ್ಷ ಮಲಗಿತ್ತು. ಅದನ್ನು ತುಂಬಿಸದಂತೆ ನನ್ನನ್ನು ತಡೆದದ್ದು ಧರ್ಮವೋ, ಅಕೌಂಟ್ಸಿನವರ ಭೂಗೋಳ ಜ್ಞಾನವೋ, ಇವತ್ತಿಗೂ ಖಚಿತವಿಲ್ಲ.

ನನ್ನ ಗೆಳೆಯನೊಬ್ಬನ ಕೇಸು ಇನ್ನೂ ವಿಚಿತ್ರ. ಮಗಳು ದೆಹಲಿಯಲ್ಲಿ. ಉಪ್ಪಿನಕಾಯಿ, ಹಪ್ಪಳ, ಮಿಡಿ ಎಂದು ಪ್ರತಿಸಲ ಲಗೇಜು ಮಿತಿ ಮೀರುತ್ತಿತ್ತು. ಕೆಲವು ವಿಮಾನ ಕಂಪನಿಗಳು ವಿದ್ಯಾರ್ಥಿಗಳಿಗೆ ದರದಲ್ಲಿ ಒಂದಿಷ್ಟು ಕಡಿತದ ಜೊತೆಗೆ ಹತ್ತು ಕಿಲೋ ಹೆಚ್ಚಿಗೆ ಒಯ್ಯಲು ಬಿಡುತ್ತವೆ ಎಂದು ಎಲ್ಲೋ ತಿಳಿದುಕೊಂಡ. ಐವತ್ತರ ವಯಸ್ಸಿನಲ್ಲಿ ಮುಕ್ತ ವಿಶ್ವವಿದ್ಯಾಲಯವೊಂದರಲ್ಲಿ ಕನ್ನಡ ಎಂ.ಎ.ಗೆ ಸೇರಿ ಗುರುತಿನ ಚೀಟಿ ಪಡೆದ. ಇದು ಮೋಸವೇ? ಚೀಟಿ ಅಸಲಿ, ಶುಲ್ಕ ಅಸಲಿ, ನಕಲಿ ಎಂದರೆ ಉದ್ದೇಶ ಒಂದೇ. ಆದರೆ ಪರೀಕ್ಷೆ ಹತ್ತಿರ ಬಂತು, ಪುಸ್ತಕ ತೆರೆದ, ಹಳಗನ್ನಡ ಅವನನ್ನು ಹಿಡಿದುಕೊಂಡಿತು. ಈಗ ರಾತ್ರಿ ಹತ್ತು ಗಂಟೆಗೆ ಫೋನು ಮಾಡಿ ಪಂಪನನ್ನು ವಿವರಿಸುತ್ತಾನೆ. ವಿಮಾನದವರು ಅವನಿಗೆ ಬಿಟ್ಟ ಹತ್ತು ಕಿಲೋ ಈಗ ನನ್ನ ಕಿವಿಯ ಮೇಲೆ ಕೂತಿದೆ.

ಮತ್ತೆ ನನ್ನ ವಿಷಯಕ್ಕೆ ಬರುತ್ತೇನೆ. ರೈಲು ಕೈಬಿಟ್ಟರೂ ನಮ್ಮ ರಾಜ್ಯದ ಸಾರಿಗೆ ಬಸ್ಸಿನಲ್ಲಿ ಅರವತ್ತು ದಾಟಿದವರಿಗೆ ಶೇಕಡ 25 ಉಳಿದಿದೆ. ಇದು ನನಗೆ ಗೊತ್ತಾದದ್ದು ಕೆಟ್ಟ ಗಳಿಗೆಯಲ್ಲಿ. 2019ರಲ್ಲಿ, ಐವತ್ತೊಂಬತ್ತರ ಹರೆಯದಲ್ಲಿ, ಹಾಸನದಿಂದ ಮೈಸೂರಿಗೆ ಹೊರಟಿದ್ದೆ. ಕಂಡಕ್ಟರ್ ನನ್ನ ಮುಖ ನೋಡಿದ, ಏನೂ ಕೇಳಲಿಲ್ಲ, ಮಿಷನ್ನು ಒತ್ತಿ ಕಡಿಮೆ ದರದ ಟಿಕೆಟ್ ಹರಿದುಕೊಟ್ಟ. ‘ನನಗಿನ್ನೂ ಆಗಿಲ್ಲ’ ಎನ್ನಬೇಕಿತ್ತು. ಹೇಳಿದ್ದರೆ ದುಡ್ಡು ಹೋಗುತ್ತಿತ್ತು, ಮಾನ ಉಳಿಯುತ್ತಿತ್ತು. ಸುಮ್ಮನಿದ್ದೆ, ಎರಡೂ ಹೋದವು ಅನ್ನಿ. ಹೊಳೆನರಸೀಪುರ ದಾಟುವವರೆಗೂ ಕಿಟಕಿಯ ಗಾಜಿನಲ್ಲಿ ತಲೆ ನೋಡಿಕೊಂಡೆ. ಮೈಸೂರಿನಲ್ಲಿ ಇಳಿದವನು ಮೊದಲು ಮಾಡಿದ ಕೆಲಸ ಕೂದಲಿನ ಬಣ್ಣ ಕೊಂಡದ್ದು. ಉಳಿದ ಕಾಲು ಪಾಲಿನ ನಾಲ್ಕರಷ್ಟು ಬಣ್ಣಕ್ಕೆ ಹೋಯಿತು.

ಅಲ್ಲಿಂದ ಶುರು. ಅರವತ್ತು ತುಂಬಿದ ಮೇಲೂ ಯಾವ ಕಂಡಕ್ಟರನೂ ತಾನಾಗಿ ರಿಯಾಯಿತಿ ಕೊಡಲಿಲ್ಲ, ನಾನಾಗಿ ಕೇಳಲಿಲ್ಲ. ಕೇಳಬೇಕಾದರೆ ಬಸ್ಸಿನ ತುಂಬ ಜನರ ಮಧ್ಯೆ ‘ನಾನು ಸೀನಿಯರ್ ಸಿಟಿಜನ್’ ಎಂದು ಒಪ್ಪಿಕೊಳ್ಳಬೇಕಲ್ಲ! ಏಳನೇ ವಯಸ್ಸಿನಲ್ಲಿ ಸುಳ್ಳಿನ ರಿಯಾಯಿತಿ ಎಷ್ಟು ಸಲೀಸಾಗಿ ತೆಗೆದುಕೊಂಡಿದ್ದೆ! ಅರವತ್ತರ ನಿಜದ್ದಕ್ಕೆ ನಾಲಗೆಯೇ ಏಳುವುದಿಲ್ಲ. ಹೆಂಡತಿ ವಿಚಾರಿಸಿದಾಗ ‘ಬಿಟ್ಟುಕೊಟ್ಟಿದ್ದೇನೆ. 2017ರಲ್ಲೇ ಹೇಳಿರಲಿಲ್ವಾ?’ ಎಂದೆ. ಆಕೆಯ ಕಣ್ಣಿನಲ್ಲಿ ಗೌರವ ಕಂಡೆ. ಅದಕ್ಕೂ ಬಣ್ಣ ಹಚ್ಚಿದ ಹಾಗಿತ್ತು, ಆದರೂ ಚೆನ್ನಾಗಿತ್ತು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ, ಐಷಾರಾಮಿ ಬಸ್ಸು ಬಿಟ್ಟು, ಕರ್ನಾಟಕದ ಹೆಂಗಸರಿಗೆಲ್ಲ ಉಚಿತ. ಗಂಡಸರಿಗೆ ಅರ್ಧ ಸೀಟು ಮೀಸಲು ಎಂದೂ ಆದೇಶವಿದೆಯಂತೆ. ಅದನ್ನು ಓದಿದ ಹೆಂಗಸು ನನಗಿನ್ನೂ ಬಸ್ಸಿನಲ್ಲಿ ಸಿಕ್ಕಿಲ್ಲ. ಆ ಹೊತ್ತಿಗೆ ನಿವೃತ್ತಳಾಗಿದ್ದ ನನ್ನ ಹೆಂಡತಿ ಮೊದಲ ಸಲ ಹತ್ತಿದಾಗ ನೋಟು ಮುಂದೆ ಹಿಡಿದಳು.

‘ಬೇಡಮ್ಮ, ಆಧಾರ್ ತೋರಿಸಿ.’

‘ನನಗೆ ಪಿಂಚಣಿ ಬರ್ತದಪ್ಪ. ದುಡ್ಡು ತಗೋ.’

ಕಂಡಕ್ಟರಿಗೆ ಇಂಥ ಗಿರಾಕಿ ಹೊಸದು. ತಲೆ ಕೆರೆದುಕೊಂಡ. ‘ದುಡ್ಡೇ ಕೊಡಬೇಕು ಅಂದ್ರೆ ಒಂದು ದಾರಿ ಇದೆ. ಕರ್ನಾಟಕದೋಳಲ್ಲ ಅಂತ ಹೇಳಿಬಿಡಿ.’

ಸರಿಯಾದ ಮನುಷ್ಯಳ ಹತ್ತಿರ ಸರಿಯಾದ ಮಾತು! ‘ಏನಂದೆ? ಮೂವತ್ತೆಂಟು ವರ್ಷ ಕನ್ನಡ ಪಾಠ ಹೇಳಿದ್ದೀನಿ ನಾನು!’ ಬಸ್ಸು ಸ್ತಬ್ಧವಾಯಿತು. ಆಧಾರ್ ಹೊರಬಂತು, ಶೂನ್ಯ ಟಿಕೆಟ್ಟು ಒಳಹೋಯಿತು. ನಾಡುನುಡಿಯ ಪ್ರಶ್ನೆ ಬಂದಾಗ ಹಣದ ಮಾತು ಆಡಬಾರದು.

ಆದರೂ ಆ ಟಿಕೆಟ್ಟು ಆಕೆಯ ಪರ್ಸಿನಲ್ಲಿ ಚುಚ್ಚುತ್ತಲೇ ಇತ್ತು ಎಂದು ಕಾಣುತ್ತದೆ. ಒಂದು ದಿನ ಬೇಲೂರಿಗೆ ಹೊರಟಿದ್ದೆವು. ನಮ್ಮ ಸೀಟಿನ ಪಕ್ಕ ಒಬ್ಬ ಹೆಂಗಸು ನುಗ್ಗೇಕಾಯಿಯ ಕಟ್ಟು ಹಿಡಿದುಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು. ತವರಿಗಂತೆ. ‘ತಿಂಗಳಿಗೆ ಎರಡು ದಪಾ ಹೋಯ್ತೀನಿ ಕಣಕ್ಕ ಈಗ. ಮೊದ್ಲು ವರ್ಸಕ್ಕೊಂದು ಕಿತ. ಬಸ್ಸಿನ ಕಾಸು ಕೇಳಿದ್ರೆ ಏನಕ್ಕೆ, ಯಾಕೆ, ಯಾವಾಗ ಬತ್ತೀಯಾ ಅಂತ ಕ್ವಾರ್ಟಿನಾಗೆ ಕೇಳ್ದಂಗೆ ಕೇಳೋರು. ಈಗ ಯಾರ್ನೂ ಕೇಳಂಗಿಲ್ಲ. ಹೋಯ್ತಾ ಇರೋದೇ.’

ನನ್ನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು ಆಕೆಯನ್ನು ಕೂರಿಸಿ ತಾನು ನಿಂತಳು. ನಾನು ಏಳಬೇಕಾಯಿತು. ಅರವತ್ತಮೂರರ ಮಂಡಿ ಅಗಿಲೆ ಬರುವುದರೊಳಗೆ ತನ್ನ ವಯಸ್ಸನ್ನು ಯಾವ ಆಧಾರೂ ಇಲ್ಲದೆ ಸಾರಿತು. ಮನೆಗೆ ಬಂದ ಮೇಲೆ ಆಕೆ ಹೇಳಿದಳು: ‘ನನ್ನ ಟಿಕೆಟ್ಟಿನ ದುಡ್ಡು ಸರ್ಕಾರ ಕಟ್ಟಿಕೊಡ್ತದೆ, ಅದು ಹೆಂಗೋ ಆಯ್ತದೆ. ಆದರೆ ಸೀಟು ಸರ್ಕಾರದ್ದಲ್ಲ ಕಣ್ರೀ, ಅವಳದು.’ ಅವತ್ತಿನಿಂದ ಸೋಮವಾರ ಬೆಳಗ್ಗೆ, ಶನಿವಾರ ಸಂಜೆ ಆಕೆ ಬಸ್ಸು ಹತ್ತುವುದಿಲ್ಲ. ನಮ್ಮ ಓಡಾಟವೆಲ್ಲ ಈಗ ಮಟಮಟ ಮಧ್ಯಾಹ್ನ, ಬಸ್ಸು ಖಾಲಿ ಇರುವಾಗ, ನೆತ್ತಿ ಸುಡುವಾಗ. ನ್ಯಾಯಕ್ಕೆ ಇಷ್ಟು ಸೆಖೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ರೈಲಿನಲ್ಲೂ ಅದೇ ಪಾಠ: ರಿಯಾಯಿತಿ ಹೋದರೂ ಹಿರಿಯರಿಗೆ ಕೆಳಗಿನ ಬರ್ತಿನ ಕೋಟಾ ಉಳಿದಿದೆ. ಕಾಲಿಗೆ ಪಟ್ಟಿ ಹಾಕಿಕೊಂಡ ಹುಡುಗನೊಬ್ಬ ಎದುರಿಗೆ ನಿಂತರೆ ಆಕೆ ನನ್ನತ್ತ ನೋಡುತ್ತಾಳೆ. ನಾನು ಏಣಿ ಹತ್ತುತ್ತೇನೆ.

2024ರ ಕಾರ್ತಿಕದಲ್ಲಿ ಧರ್ಮಸ್ಥಳಕ್ಕೆ ಹೊರಟೆವು. ಮಧ್ಯಾಹ್ನದ್ದೇ ಬಸ್ಸು. ಆದರೆ ಧರ್ಮಸ್ಥಳಕ್ಕೆ ಮಧ್ಯಾಹ್ನ ಎಂಬುದಿಲ್ಲ, ಎಲ್ಲ ಹೊತ್ತೂ ಭಕ್ತರೇ. ಸಕಲೇಶಪುರ ದಾಟುವ ಹೊತ್ತಿಗೆ ಕಂಡಕ್ಟರ್ ನಮ್ಮ ಬಳಿ ಬಂದ. ಹೊಸ ಹುಡುಗ. ಆಕೆಗೆ ಶೂನ್ಯ ಕೊಟ್ಟ. ನನ್ನ ತಲೆ ಎರಡೇ ದಿನದ ಹಿಂದೆ ಕರ್ರಗಾಗಿತ್ತು. ‘ಒಂದು ಫುಲ್’ ಎಂದೆ.

‘ಫುಲ್ ಯಾಕೆ? ಅವರಿಗೆ ಅರವತ್ನಾಲ್ಕು. ಸೀನಿಯರ್ ಕೊಡಪ್ಪ’ ಎಂದಳು ನನ್ನ ಹೆಂಡತಿ. ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿ. ಮುಂದಿನ ಮೂರು ಸಾಲು ಹಿಂದಿರುಗಿ ನೋಡಿತು.

‘ನಾನು ಬಿಟ್ಟುಕೊಟ್ಟಿದ್ದೀನಲ್ಲೇ...’ ಎಂದು ಗೊಣಗಿದೆ.

‘ಬಿಟ್ಟುಕೊಟ್ಟಿದ್ದು ಕೂದಲಿನ ಡಬ್ಬದಲ್ಲಿ ಕಂಡಿದೆ. ತೆಗೀರಿ ಆಧಾರು.’

ಐದಾರು ವರ್ಷದ ಹುಡುಗನೊಬ್ಬ ಎದುರಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ಕಾಲು ಮಡಚಿಕೊಂಡು ಕುಳಿತು ನನ್ನನ್ನೇ ನೋಡುತ್ತಿದ್ದ. ನಾನು ಆಧಾರ್ ತೆಗೆದುಕೊಟ್ಟೆ. ಹತ್ತಾರು ವರ್ಷದ ಹಿಂದಿನ ಫೋಟೊ; ಸರದಿಯಲ್ಲಿ ಮೂರು ಗಂಟೆ ನಿಂತು, ಹಸಿದು, ಕಣ್ಣು ಅರೆ ಮುಚ್ಚಿದ್ದಾಗ ತೆಗೆದದ್ದು. ಬಣ್ಣವಿಲ್ಲದ ಕಾಲ ಬೇರೆ. ಕಂಡಕ್ಟರ್ ಕಾರ್ಡು ನೋಡಿದ, ನನ್ನನ್ನು ನೋಡಿದ, ಕಾರ್ಡನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದ.

‘ಇದು ನಿಮ್ಮ ತಂದೆಯವರದ್ದಾ ಸಾರ್?’

‘ನನ್ನದೇ ಕಣಪ್ಪ.’ ಅರವತ್ನಾಲ್ಕು ವರ್ಷದಲ್ಲಿ ಬಸ್ಸಿನಲ್ಲಿ ನಾನು ಆಡಿದ ಮೊದಲ ಅಪ್ಪಟ ಸತ್ಯ ಅದು. ಹುಡುಗ ನಂಬಲಿಲ್ಲ. ಶಿರಾಡಿಯ ಮೊದಲ ತಿರುವಿಗೆ ಬಸ್ಸು ವಾಲಿತು. ಅವನು ಸೀಟಿನ ಹಿಡಿ ಹಿಡಿದುಕೊಂಡು, ನನ್ನ ಕಡೆಗೆ ಬಗ್ಗಿ, ಹೆಂಡತಿಗೆ ಕೇಳಿಸದ ಹಾಗೆ, ಕಡಿಮೆ ದರದ ಟಿಕೆಟ್ಟನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದ:

‘ಪರವಾಗಿಲ್ಲ ಬಿಡಿ ಸಾರ್. ಎಲ್ಲರೂ ಹಿಂಗೇ ಮಾಡ್ತಾರೆ.’